ಪ್ರಲ್ಹಾದ ಅಂಟಿಸಿದ ಎರಡು ಹಾಳೆ

ಪ್ರಲ್ಹಾದ ಗಲಗಲಿ ತನ್ನ ಬದುಕಿನಲ್ಲಿ ತಾನಾಗಿ ಆರಿಸಿದ್ದು ಒಂದೇ ಒಂದನ್ನು, ಅದೂ ಅರವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವನ ಕಾಲೇಜು, ನೌಕರಿ, ಮನೆ, ಮೈಮೇಲಿನ ಅಂಗಿಯ ಬಣ್ಣ ಎಲ್ಲವನ್ನೂ ಆರಿಸಿದವಳು ಅವನ ಅಕ್ಕ ರಂಗೂಬಾಯಿ. ಮದುವೆಯೊಂದನ್ನು ಮಾತ್ರ ಆಕೆ ಅವನಿಗೇ ಬಿಟ್ಟಳು. ಮೂರು ಹೆಣ್ಣು ನೋಡಿ ಬಂದು, ವಹಿಯಲ್ಲಿ ಗೆರೆ ಎಳೆದು, ಮೂವರ ಗುಣಗಳನ್ನೂ ಬರೆಯುತ್ತ ಇವನು ಕುಳಿತಿರುವಾಗಲೇ ಮೂವರ ಲಗ್ನವೂ ಆಗಿಹೋಯಿತು. ಮೂರಕ್ಕೂ ಹೋಗಿ ಉಂಡು ಬಂದನಂತೆ. ಯಾವುದರ ಊಟ ಚೆನ್ನಾಗಿತ್ತು ಎಂದು ಕೇಳಿದರೆ ಈಗಲೂ ಹೇಳಲಾರ.

ನಾನು ಸದಾನಂದ. ಪುಣೆಯ ಧನಕವಡಿಯಲ್ಲಿ ಅವರಿರುವ ಕಟ್ಟಡದ ಕೆಳಗೆ ನನ್ನ ಝೆರಾಕ್ಸ್ ಅಂಗಡಿ. ಬೆಳಗಾವಿ ಕಡೆಯವನು, ಪುಣೆಗೆ ಬಂದು ಮೂವತ್ತು ವರ್ಷವಾಯಿತು. ಕಾಲೇಜು ಹುಡುಗರ ಪ್ರಾಜೆಕ್ಟುಗಳಿಗೆ ಬೈಂಡಿಂಗ್, ಗುರುತಿನ ಚೀಟಿಗಳಿಗೆ ಲ್ಯಾಮಿನೇಶನ್, ಇದೇ ನನ್ನ ಕೆಲಸ. ಹತ್ತು ಸಲ ಮನಸ್ಸು ಬದಲಿಸುವ ಗಿರಾಕಿ ಬಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಂಥ ನನಗೆ ದೇವರು ಈ ಗೆಳೆಯನನ್ನು ಯಾಕೆ ಗಂಟುಹಾಕಿದನೋ ತಿಳಿಯದು. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದು ಬಂದಾಗ ಮುಚ್ಚಿಡದೆ ಹೇಳುತ್ತೇನೆ.

ರಂಗೂಬಾಯಿ, ನಮ್ಮೆಲ್ಲರ ರಂಗಕ್ಕ, ಧಾರವಾಡದಲ್ಲಿದ್ದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ಈಗ ಎಪ್ಪತ್ತಾರು ವಯಸ್ಸು, ಬೆಳಿಗ್ಗೆ ಒಂದು ಬಿಪಿ ಮಾತ್ರೆ, ಮಾತು ಕಡಿಮೆ. ಆಕೆಯ ಏಕಾದಶಿ ಎಂದರೆ ಸಾಬೂದಾಣಿ ಖಿಚಡಿಯ ಏಕಾದಶಿಯಲ್ಲ. ಹಿಂದಿನ ರಾತ್ರಿಯಿಂದ ಮರುದಿನದ ಬೆಳಗಿನ ತನಕ ಒಂದು ಹನಿ ನೀರನ್ನೂ ಬಾಯಿಗೆ ಬಿಡುವವಳಲ್ಲ. ಮಾತ್ರೆಯನ್ನೂ ಅವತ್ತು ನುಂಗುವುದಿಲ್ಲ. ಡಾಕ್ಟರು ಬೈದು ಸೋತಿದ್ದರು, ಪ್ರಲ್ಹಾದ ಬೇಡಿಕೊಂಡು ಸೋತಿದ್ದ.

ಪುಣೆಗೆ ಬಂದ ಹೊಸದರಲ್ಲಿ ಆಕೆಗೊಂದು ದೊಡ್ಡ ಗೊಂದಲವಾಯಿತು. ಇಲ್ಲಿಯ ಗೋಡೆ ಕ್ಯಾಲೆಂಡರಿನಲ್ಲಿ ಏಕಾದಶಿ ಒಂದು ದಿನ ಇದ್ದರೆ, ಇವರ ಮಾಧ್ವ ಪದ್ಧತಿಯಲ್ಲಿ ಕೆಲವು ಸಲ ಮರುದಿನ. ಇವರ ಲೆಕ್ಕ ಹೀಗೆ: ಸೂರ್ಯೋದಯಕ್ಕೆ ತೊಂಬತ್ತಾರು ನಿಮಿಷ ಮೊದಲು ಅರುಣೋದಯ. ಆ ಹೊತ್ತಿಗೆ ಹಿಂದಿನ ತಿಥಿಯಾದ ದಶಮಿ ಒಂದು ಚೂರು ಉಳಿದಿದ್ದರೂ ಅವತ್ತು ಉಪವಾಸವಿಲ್ಲ, ಮರುದಿನಕ್ಕೆ ಹೋಗುತ್ತದೆ. ಧಾರವಾಡದಿಂದ ಪಂಚಾಂಗ ತಂದಿದ್ದಳು, ಆದರೆ ಅದರಲ್ಲಿದ್ದದ್ದು ಆ ಕಡೆಯ ಸೂರ್ಯ. ಒಂದು ದಿನ ತಮ್ಮನನ್ನು ಕೇಳಿದಳು, “ಪ್ರಲ್ಹಾದಾ, ಈ ಊರಾಗ ಸೂರ್ಯ ಎಷ್ಟೊತ್ತಿಗೆ ಹುಟ್ಟತಾನ?”

ಪ್ರಲ್ಹಾದ ಆಗ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದ. ಅಕ್ಕನ ಒಂದು ಪ್ರಶ್ನೆಗೆ ಎಂಟು ತಿಂಗಳು ಕುಳಿತು ಪ್ರೋಗ್ರಾಮು ಬರೆದ. ಊರಿನ ಹೆಸರು ಕೊಟ್ಟರೆ ಸೂರ್ಯೋದಯ, ತಿಥಿ, ಏಕಾದಶಿ ಎಲ್ಲವನ್ನೂ ಅದು ಲೆಕ್ಕ ಹಾಕಿ ಹೇಳುತ್ತಿತ್ತು. ‘ಹರಿದಿನ’ ಎಂದು ಹೆಸರಿಟ್ಟು ಇಂಟರ್ನೆಟ್ಟಿನಲ್ಲಿ ಬಾಗಿಲು ತೆರೆದಿಟ್ಟ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ತಮ್ಮ ಮೊಬೈಲ್ ಆ್ಯಪಿನೊಳಗೆ ಜೋಡಿಸಿಕೊಳ್ಳಬಹುದು. ಹೀಗೆ ಬೇರೆಯವರ ಪ್ರೋಗ್ರಾಮಿಗೆ ಹೊಟ್ಟೆಯೊಳಗಿನ ಯಂತ್ರವಾಗುವಂಥದ್ದಕ್ಕೆ ಅವರಲ್ಲಿ ಲೈಬ್ರರಿ ಅನ್ನುತ್ತಾರಂತೆ. ಪುಸ್ತಕ ಒಂದೂ ಇಲ್ಲದ ಲೈಬ್ರರಿ ಯಾವ ಸೀಮೆಯದು ಎಂದು ನಾನು ಕೇಳಿದ್ದೆ. ದುಬೈ, ಟೊರಾಂಟೊ, ಮೆಲ್ಬರ್ನಿನಲ್ಲಿರುವ ಧಾರವಾಡದ ಮಂದಿಯೂ ಅದನ್ನು ನಂಬಿ ಉಪವಾಸ ಮಾಡತೊಡಗಿದರು. ರಂಗಕ್ಕನಿಗೆ ಮಾತ್ರ ಇಂಟರ್ನೆಟ್ಟು ಬೇಕಿರಲಿಲ್ಲ. ನಾಲ್ಕು ತಿಂಗಳಿಗೊಮ್ಮೆ ಪ್ರಲ್ಹಾದ ಒಂದು ಹಾಳೆಯಲ್ಲಿ ದಿನಗಳನ್ನು ಮುದ್ರಿಸಿ ಅಡುಗೆಮನೆಯ ಕಪಾಟಿಗೆ ಅಂಟಿಸುತ್ತಿದ್ದ. ಆ ಹಾಳೆ ಹೇಳಿದ ದಿನ ಆಕೆ ಬಾಯಿ ಕಟ್ಟುತ್ತಿದ್ದಳು.

ಹೋದ ವರ್ಷ ತೊಂದರೆ ಶುರುವಾಯಿತು. ಆ ಪ್ರೋಗ್ರಾಮು ಪರ್ಲ್ ಎಂಬ ಹಳೆಯ ಭಾಷೆಯಲ್ಲಿತ್ತು. ಹೊಸ ಕಂಪ್ಯೂಟರಿನಲ್ಲಿ ಅರ್ಧ ದಾರಿಗೆ ಬಂದು ನಿಂತುಬಿಡುತ್ತಿತ್ತು. ಅವನಿಗೇ ಅದು ಅರ್ಧ ಮರೆತಿತ್ತು, ರಿಪೇರಿ ಮಾಡುವಷ್ಟು ಆ ಭಾಷೆ ಬಲ್ಲವರು ಅವನ ಪರಿಚಯದಲ್ಲಿ ಯಾರೂ ಉಳಿದಿರಲಿಲ್ಲ. ಮೆಲ್ಬರ್ನಿನಿಂದ ಒಬ್ಬರು ಪತ್ರ ಬರೆದು, ನಿಮ್ಮ ನಂತರ ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ನಯವಾಗಿಯೇ ಕೇಳಿದ್ದರು, ಆದರೂ ಪ್ರಲ್ಹಾದ ಎರಡು ದಿನ ಸಪ್ಪಗಿದ್ದ. ಆಮೇಲೆ ಹೊಸ ಭಾಷೆಯಲ್ಲಿ ಎಲ್ಲವನ್ನೂ ಮತ್ತೆ ಬರೆಯುವುದು ಎಂದು ತೀರ್ಮಾನಿಸಿದ. ಯಾವ ಭಾಷೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಅವತ್ತೇ ತೀರ್ಮಾನವಾಯಿತು.

ಸಹಾಯಕ್ಕೆ ಇಬ್ಬರು ಬಂದರು. ಒಬ್ಬ ಋಷಿಕೇಶ, ಕೊಥರೂಡದವನು. ಅಜ್ಜನ ಕಾಲಕ್ಕೇ ಧಾರವಾಡ ಬಿಟ್ಟ ಮನೆತನ, ಅವನ ಕನ್ನಡದಲ್ಲಿ ಅರ್ಧ ಮರಾಠಿ. ಪೈಥಾನ್ ಎಂಬ ಭಾಷೆಯಲ್ಲಿ ಬರೆಯಬೇಕೆಂದು ಅವನ ವಾದ. ಇನ್ನೊಬ್ಬಳು ಇಂಪನಾ, ಮೈಸೂರಿನ ಹುಡುಗಿ, ಹಿಂಜವಡಿಯ ಕಂಪನಿಯಲ್ಲಿ ಕೆಲಸ, ಪ್ರತಿ ರವಿವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ರಸ್ಟ್ ಎಂಬ ಭಾಷೆಯೇ ಆಗಬೇಕೆಂದು ಅವಳ ಹಟ. ಇಬ್ಬರೂ ರಂಗಕ್ಕನ ಕೈಯ ಹುಳಿ, ಅನ್ನ ಉಂಡು, ಸಂಜೆಯ ತನಕ ವಾದ ಮಾಡಿ ಹೋಗುತ್ತಿದ್ದರು. ಇಬ್ಬರ ತಾಟಿಗೂ ರಂಗಕ್ಕ ಒಂದೇ ಅಳತೆಯ ತುಪ್ಪ ಹಾಕುತ್ತಿದ್ದಳು.

ಪ್ರಲ್ಹಾದ ಹೊಸ ವಹಿ ತಂದು ನಡುವೆ ಗೆರೆ ಎಳೆದ. ಆ ಗೆರೆಯನ್ನು ನೋಡಿದೊಡನೆ ನನಗೆ ಆ ಮೂರು ಲಗ್ನಗಳ ನೆನಪಾಯಿತು.

“ಸದಾ, ನೀನ ಹೇಳಪಾ. ಪೈಥಾನೋ, ರಸ್ಟೋ?”

“ನನಗೇನು ಗೊತ್ತೋ? ನಾ ಝೆರಾಕ್ಸ್ ತೆಗಿಯಾಂವ.”

“ಕೇಳಿಲ್ಲೆ. ಪೈಥಾನ್ ಬರೀಲಿಕ್ಕೆ ಹಗುರ, ಓದಲಿಕ್ಕೂ ಹಗುರ. ಆದ್ರ ಏನರೆ ತಪ್ಪಿದ್ರ ಓಡೂತನಕ ಸುಮ್ಮನಿರತದ. ರಸ್ಟ್ ಹಂಗಲ್ಲ, ಮೊದಲ ತಪಾಸಣಿ ಮಾಡತದ. ತಪ್ಪಿದ್ರ ಓಡಲಿಕ್ಕೇ ಬಿಡೂದಿಲ್ಲ. ಮತ್ತ ಭಾಳ ಜೋರ ಓಡತದ.”

“ಹದಿನೈದು ದಿನಕ್ಕೊಮ್ಮೆ ಬರೂ ಏಕಾದಶಿಗೆ ಅಷ್ಟು ಜೋರ ಯಾಕ ಬೇಕು?”

ಅವನು ಕಣ್ಣರಳಿಸಿ, ಇದು ಬರೆದುಕೊಳ್ಳುವ ಮಾತು ಎಂದು ವಹಿ ತೆಗೆದು ಪೈಥಾನಿನ ಕಡೆ ಒಂದು ಸಾಲು ಬರೆದ. ಮರುದಿನ ಬಂದು, ಒಂದೇ ಸಲ ಸಾವಿರ ಊರುಗಳ ನೂರು ವರ್ಷದ ಏಕಾದಶಿ ತೆಗೆಯಬೇಕಾದರೆ ವೇಗ ಬೇಕೇ ಬೇಕು ಎಂದು ಇಂಪನಾ ಹೇಳಿದಳಂತೆ, ರಸ್ಟಿನ ಕಡೆಯೂ ಒಂದು ಸಾಲು ಕೂಡಿತು. ನೂರು ವರ್ಷದ ಏಕಾದಶಿ ಯಾರಿಗೆ ಬೇಕೋ ಎಂದು ನಾನು ಕೂಗಿದೆ. ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಅವನು ಕ್ಷೌರದ ಅಂಗಡಿಯಲ್ಲಿ ಕೇಳಿದ, ಕಾತ್ರಜದ ಭಾಜಿ ಮಂಡಿಯಲ್ಲಿ ಮೆಂತ್ಯ ಆರಿಸುತ್ತಿದ್ದ ಅಪರಿಚಿತ ಎಂಜಿನಿಯರನನ್ನು ಕೇಳಿದ. ಕೇಳಿದಷ್ಟೂ ಎರಡು ಕಡೆಯ ಸಾಲುಗಳು ಸಮವಾಗಿ ಬೆಳೆದವು. ವಹಿ ನಲವತ್ತು ಪುಟಕ್ಕೆ ಹೋಯಿತು. ರಾತ್ರಿ ಪೈಥಾನ್ ಎಂದು ಮಲಗಿದವನು ಬೆಳಿಗ್ಗೆ ರಸ್ಟ್ ಎಂದು ಏಳುತ್ತಿದ್ದ. ಒಂದನ್ನು ಆರಿಸಿದರೆ ಇನ್ನೊಂದರ ಹುಡುಗ ಅಥವಾ ಹುಡುಗಿ ಮನಸ್ಸಿಗೆ ಹಚ್ಚಿಕೊಂಡು ಬರುವುದನ್ನೇ ಬಿಟ್ಟರೆ ಎಂಬ ಅಂಜಿಕೆಯೂ ಇತ್ತು. ಅದನ್ನು ಅವನು ಯಾವ ಕಡೆ ಬರೆಯಬೇಕೋ ತಿಳಿಯದೆ ವಹಿಯ ನಡುಗೆರೆಯ ಮೇಲೆಯೇ ಬರೆದಿದ್ದ. ನಾನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ, ಆರಿಸಲಾಗದವರೆಲ್ಲ ಮಾಡುವುದನ್ನೇ ಮಾಡಿದ. ಇಬ್ಬರಿಗೂ ಹೂಂ ಅಂದ. ಋಷಿಕೇಶ ಪೈಥಾನಿನಲ್ಲಿ ಬರೆದ, ಇಂಪನಾ ರಸ್ಟಿನಲ್ಲಿ ಬರೆದಳು. ಇಬ್ಬರಿಗೂ ಹಳೆಯ ಪ್ರೋಗ್ರಾಮಿನ ಒಂದೊಂದು ಪ್ರತಿ ಕೊಟ್ಟು, ನೋಡಿಕೊಂಡು ಬರೆಯಿರಿ ಅಂದಿದ್ದ. ಆಷಾಢದಲ್ಲಿ ಚಾತುರ್ಮಾಸ ಹಿಡಿಯುವ ಮೊದಲು ಎರಡೂ ತಯಾರಾದವು. ಪ್ರಲ್ಹಾದ ಎರಡರಿಂದಲೂ ನಾಲ್ಕು ತಿಂಗಳ ಹಾಳೆ ತೆಗೆಸಲು ನನ್ನ ಅಂಗಡಿಗೆ ಬಂದ.

“ಎರಡೂ ಅಂಟಸ್ತೀನಿ. ತಾಳೆ ನೋಡಲಿಕ್ಕೆ ಬರತದ,” ಅಂದ. ಮೊದಲ ಎರಡು ಸಾಲಿನ ಮೇಲೆ ಬೆರಳಾಡಿಸಿ, ಎರಡೂ ಒಂದೇ ಎಂದು ಖುಷಿಪಟ್ಟ. ಮೂರನೆಯ ಸಾಲಿಗೆ ಬೆರಳು ಹೋಗುವ ಮೊದಲೇ ಅವನಿಗೆ ಫೋನ್ ಬಂತು.

ಈಗ ನನ್ನ ತಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಹಬೆಗೆ ಹಾಳೆ ಮೆತ್ತಗಾಗುತ್ತದೆ ಎಂದು, ಅವನು ಕೇಳದಿದ್ದರೂ ಎರಡನ್ನೂ ಲ್ಯಾಮಿನೇಶನ್ ಮಾಡಿಕೊಟ್ಟೆ. ಹದಿನೆಂಟು ವರ್ಷದಲ್ಲಿ ಆ ಕಪಾಟಿನ ಮೇಲೆ ಅಂಥ ಗಟ್ಟಿ ಹಾಳೆ ಬಂದಿರಲಿಲ್ಲ. ಪ್ರಲ್ಹಾದನಿಗೆ ಅವು ತಾಳೆ ನೋಡುವ ಹಾಳೆಗಳು. ರಂಗಕ್ಕನಿಗೆ ಅವು ಆಧಾರ್ ಕಾರ್ಡಿನಷ್ಟು ಖಾಯಂ ಆದವು. ಒಂದರ ಮೇಲೆ ಋಷಿಕೇಶನ ಹೆಸರಿತ್ತು, ಇನ್ನೊಂದರ ಮೇಲೆ ಇಂಪನಾಳದು.

ಆಷಾಢದ ಎರಡು ಏಕಾದಶಿಗಳು ಸುಸೂತ್ರವಾಗಿ ಕಳೆದವು. ಶ್ರಾವಣದ ಮೊದಲ ಏಕಾದಶಿ ಮೂರನೆಯ ಸಾಲಿನದು. ಬುಧವಾರ ಬೆಳಿಗ್ಗೆ ಚಹಾ ಸೋಸುವಾಗ ಪ್ರಲ್ಹಾದನ ಕಣ್ಣು ಅದರ ಮೇಲೆ ಬಿತ್ತು. ಇಂಪನಾಳ ಹಾಳೆಯಲ್ಲಿ ಗುರುವಾರ ಇತ್ತು, ಋಷಿಕೇಶನ ಹಾಳೆಯಲ್ಲಿ ಶುಕ್ರವಾರ. ಚಹಾ ಅಲ್ಲಿಯೇ ಬಿಟ್ಟು, ಚಪ್ಪಲಿ ಇಲ್ಲದೆ ನನ್ನ ಅಂಗಡಿಗೆ ಇಳಿದು ಬಂದ.

“ಸದಾ, ಎರಡೂ ಬ್ಯಾರೆ ಬ್ಯಾರೆ ಹೇಳ್ಲಿಕತ್ತಾವ. ಈಗ ಗೊತ್ತಾಗತದ ನೋಡು ಯಾವ ಭಾಷಾ ಛಲೋ ಅಂತ.”

ಅವನ ಮುಖದಲ್ಲಿ ಖುಷಿಯಿತ್ತು. ತಾನು ಆರಿಸಬೇಕಾಗಿಲ್ಲ, ಸೂರ್ಯನೇ ಆರಿಸಿಕೊಡುತ್ತಾನೆ ಎಂಬ ಖುಷಿ ಅದು. ಆದರೆ ಸೂರ್ಯ ಏನೂ ಹೇಳಲಿಲ್ಲ, ಆ ಮೂರೂ ದಿನ ಪುಣೆಯಲ್ಲಿ ಮೋಡ ಮುಚ್ಚಿ ಮಳೆ. ಹೇಳಿದವರು ಆ ಇಬ್ಬರು. ಇಬ್ಬರಿಗೂ ಅವನಿಗೂ ಸೇರಿ ಮೊಬೈಲಿನಲ್ಲಿ ಒಂದು ಗ್ರೂಪಿತ್ತು. ಪೈಥಾನಿನಲ್ಲಿ ದಶಾಂಶದ ಲೆಕ್ಕ ಸಡಿಲವಾಗಿರಬೇಕು ಎಂದು ಇಂಪನಾ ಬರೆದಳು. ರಸ್ಟಿನಲ್ಲಿ ಅಂಕಿಗಳನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಹಾಕುವಾಗ ಅವಳೇ ದಶಾಂಶದ ಬಾಲ ಕತ್ತರಿಸಿರಬೇಕು ಎಂದು ಋಷಿಕೇಶ ಬರೆದ. ಎರಡು ದಿನದಲ್ಲಿ ನೂರಾ ನಲವತ್ತು ಮೆಸೇಜು. ಪ್ರಲ್ಹಾದ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಒಂದೊಂದನ್ನೂ ಓದಿ, ಓದಿದಂತೆಲ್ಲ ಆ ಕಡೆ ಈ ಕಡೆ ವಾಲುತ್ತಿದ್ದ. ನನಗಂತೂ ತಲೆಬುಡ ತಿಳಿಯಲಿಲ್ಲ. ನಡುನಡುವೆ ಹೌದೇನೋ ಅನ್ನಿಸಿ, ಮರುಕ್ಷಣ ಅಲ್ಲವೇನೋ ಅನ್ನಿಸಿ, ಅವನ ರೋಗ ನನಗೂ ಅಂಟಿತೆಂದು ಹೆದರಿದೆ.

ಬುಧವಾರ ಸಂಜೆ ರಂಗಕ್ಕ ಅವನನ್ನು ಒಂದು ಮಾತು ಕೇಳಿದ್ದಳು. ಏಕಾದಶಿ ನಾಳೆಯೋ ನಾಡಿದ್ದೋ ಎಂದು. ಫೋನಿನಿಂದ ತಲೆ ಎತ್ತದೆ ಅವನು, “ತಡಿ ಅಕ್ಕಾ, ಇನ್ನೂ ನಕ್ಕಿ ಆಗಿಲ್ಲ,” ಅಂದಿದ್ದ, ಇನ್ನೂ ಖಚಿತವಾಗಿಲ್ಲ ಎಂದು. ಅಂದದ್ದನ್ನು ಮರೆತೂ ಬಿಟ್ಟಿದ್ದ.

ಶುಕ್ರವಾರ ಸಂಜೆ ಐದರ ಹೊತ್ತಿಗೆ, ಬಾ, ಮೇಲೆ ಹೋಗಿ ಚಹಾ ಕುಡಿಯೋಣ ಎಂದು ನನ್ನನ್ನು ಕರೆದುಕೊಂಡು ಹೋದ. ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ರಂಗಕ್ಕ ಅಡುಗೆಮನೆಯ ನೆಲದ ಮೇಲೆ ಕಪಾಟಿಗೆ ಒರಗಿ ಕುಳಿತಿದ್ದಳು. ತಲೆಯ ಮೇಲೆ ಸರಿಯಾಗಿ ಆ ಎರಡು ಹಾಳೆಗಳು. ಕಣ್ಣು ತೆರೆದಿದ್ದವು, ತುಟಿ ಬಿಳಿಚಿ ಒಡೆದಿದ್ದವು.

“ಏನಿಲ್ಲ. ಕಣ್ಣಿಗೆ ಕತ್ತಲಿ ಬಂತು,” ಅಂದಳು.

ನಾನು ನೀರು ತಂದೆ. ಆಕೆ ಕೈಯಿಂದ ಲೋಟ ಸರಿಸಿದಳು.

“ಅಕ್ಕಾರ, ಏಕಾದಶಿ ನಿನ್ನಿ ಆತಲ್ರಿ,” ಅಂದೆ.

“ನಿನ್ನಿನೂ ಇತ್ತು. ಇವತ್ತೂ ಅದ.”

ಪ್ರಲ್ಹಾದ ಆ ಹಾಳೆಗಳನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಅವನ ಕೈಯಲ್ಲಿದ್ದ ಫೋನು ಇನ್ನೂ ಟಿಂಗ್ ಟಿಂಗ್ ಅನ್ನುತ್ತಿತ್ತು. ನಾನು ಅದನ್ನು ಕಸಿದುಕೊಂಡು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಿರುವಾಗಲೇ ಆ ಲ್ಯಾಮಿನೇಶನ್ನಿನ ಹೊಳಪು ಕಣ್ಣಿಗೆ ಬಿದ್ದು ನನ್ನ ಬಾಯಿ ಕಟ್ಟಿತು.

ಇಬ್ಬರೂ ಸೇರಿ ಹಿಂದಿನ ಗಲ್ಲಿಯ ದವಾಖಾನೆಗೆ ರಿಕ್ಷಾದಲ್ಲಿ ಒಯ್ದೆವು. “ಆಜಿ, ಪಾಣೀ ಕಾ ನಾಹೀ ಪ್ಯಾಯಲಾತ?” ಎಂದು ಡಾಕ್ಟರು ಗದರಿದರು, ನೀರನ್ನೇಕೆ ಕುಡಿಯಲಿಲ್ಲ ಎಂದು. ಸಲಾಯಿನ್ ಹಚ್ಚಬೇಕು ಅಂದರು. ರಂಗಕ್ಕ, ಬಾಯಿಯಿಂದ ಒಳಗೆ ಹೋಗುವುದಿಲ್ಲ ತಾನೇ ಎಂದು ನನ್ನಿಂದ ಮರಾಠಿಯಲ್ಲಿ ಕೇಳಿಸಿದಳು. ಇಲ್ಲ ಅಂದ ಮೇಲೆ ಕೈ ಚಾಚಿದಳು.

ಪ್ರಲ್ಹಾದ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. “ಮುಂಜಾನೆ ನನಗ ಊಟಕ್ಕ ಹಾಕಿದ್ಳು ಸದಾ. ದ್ವಾದಶಿ ಅಂತ ಲಗೂನ ಅಡಗಿ ಮಾಡಿದ್ಳು. ನನ್ನ ತಾಟಿನ್ಯಾಗ ಅನ್ನ ಇತ್ತು. ಆಕೀ ತಾಟು ನಾ ನೋಡಲೇ ಇಲ್ಲ.”

ಇಂಪನಾಳ ಹಾಳೆಯಂತೆ ಅವತ್ತು ದ್ವಾದಶಿ, ಆದ್ದರಿಂದ ತಮ್ಮನಿಗೆ ಬಡಿಸಿದ್ದಳು. ಋಷಿಕೇಶನ ಹಾಳೆಯಂತೆ ಅವತ್ತು ಏಕಾದಶಿ, ಆದ್ದರಿಂದ ತಾನು ನೀರು ಮುಟ್ಟಿರಲಿಲ್ಲ.

ರವಿವಾರ ಇಬ್ಬರೂ ಓಡಿ ಬಂದರು. ರಂಗಕ್ಕ ಮನೆಗೆ ಬಂದು ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ನಾನು ಅಂಗಡಿ ಮುಚ್ಚಿ ಬಂದಿದ್ದೆ. ಇಂಪನಾ ಅಳುತ್ತಿದ್ದಳು, ಋಷಿಕೇಶ ಗೋಡೆ ನೋಡುತ್ತ ನಿಂತಿದ್ದ.

“ಸಾರಿ ಅಜ್ಜಿ. ನಮ್ ಟೆಸ್ಟಿಂಗಿಗೋಸ್ಕರ ನೀವು ಎರಡು ದಿನ ಉಪವಾಸ ಇರೋ ಹಾಗಾಯ್ತು,” ಅಂದಳು ಇಂಪನಾ.

“ಅಳಬ್ಯಾಡವಾ. ಕೂಡು. ನೀ ಬರದದ್ದು ನನಗ ಓದಿ ಹೇಳು, ಸಾವಕಾಶ.”

ಇಂಪನಾ ಲ್ಯಾಪ್‌ಟಾಪ್ ತೆರೆದಳು. ಒಂದೊಂದೇ ಹೆಜ್ಜೆಯನ್ನು ಕನ್ನಡದಲ್ಲಿ ಹೇಳತೊಡಗಿದಳು. ಮೊದಲು ಊರಿನ ಜಾಗ, ಆಮೇಲೆ ಸೂರ್ಯೋದಯ, ಅದರಿಂದ ತೊಂಬತ್ತಾರು ನಿಮಿಷ ಹಿಂದಕ್ಕೆ.

“ಸೂರ್ಯೋದಯ ಅಂದ್ರ ಯಾವಾಗ?” ಎಂದು ರಂಗಕ್ಕ ನಡುವೆ ಕೇಳಿದಳು.

“ಅಂದ್ರೆ, ಸೂರ್ಯ ಹುಟ್ಟೋ ಟೈಮ್, ಅಜ್ಜಿ. ಸೂರ್ಯನ ಮಧ್ಯಭಾಗ ಭೂಮಿಯ ಅಂಚಿಗೆ ಬಂದಾಗ.”

“ಮಧ್ಯ ಕಾ?” ಎಂದು ಋಷಿಕೇಶ ತಿರುಗಿದ. “ನಾ ಮ್ಯಾಲಿನ ಅಂಚು ಹಿಡಿದೀನಿ. ಎಲ್ಲಾ ವೆಬ್‌ಸೈಟಿನ್ಯಾಗ ಹಂಗ ಅದ. ಮ್ಯಾಲಿನ ಕೋರ್ ಕಂಡ್ರ ಸೂರ್ಯೋದಯ.”

ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಋಷಿಕೇಶನ ಸೂರ್ಯೋದಯ ಆರು ಹದಿನೈದಕ್ಕೆ, ಇಂಪನಾಳದು ಆರು ಹದಿನಾರಕ್ಕೆ. ತೊಂಬತ್ತಾರು ನಿಮಿಷ ಹಿಂದಕ್ಕೆ ಎಣಿಸಿದರೆ ಒಂದು ನಾಲ್ಕು ಮೂವತ್ತೊಂಬತ್ತು, ಇನ್ನೊಂದು ನಾಲ್ಕು ನಲವತ್ತು. ಆ ಗುರುವಾರ ದಶಮಿ ಮುಗಿದದ್ದು ನಾಲ್ಕು ಮೂವತ್ತೊಂಬತ್ತು ದಾಟಿ ಅರ್ಧ ನಿಮಿಷಕ್ಕೆ, ಸರಿಯಾಗಿ ಎರಡರ ನಡುವೆ. ಋಷಿಕೇಶನ ಹಾಳೆಗೆ ಅದು ದಶಮಿ ತಾಗಿದ ದಿನ, ಇಂಪನಾಳ ಹಾಳೆಗೆ ಶುದ್ಧ ದಿನ. ದಶಾಂಶವೂ ಅಲ್ಲ, ಬಾಲವೂ ಅಲ್ಲ, ಯಾವ ಭಾಷೆಯ ತಪ್ಪೂ ಅಲ್ಲ.

“ನಮ್ಮಪ್ಪ ಧಾರವಾಡದಾಗ ಮಾಳಗಿ ಮ್ಯಾಲ ನಿಂತು ನೋಡತಿದ್ದ,” ಅಂದಳು ರಂಗಕ್ಕ. “ಅರ್ಧ ಗುಂಡು ಮ್ಯಾಲ, ಅರ್ಧ ಕೆಳಗ. ಆವಾಗ ಉದಯ ಅಂತಿದ್ದ. ಪ್ರಲ್ಹಾದಗ ಗೊತ್ತದ.”

ಪ್ರಲ್ಹಾದ ಕುರ್ಚಿಯ ಮೇಲೆ ಕುಸಿದ. “ಹಳೇದ್ರಾಗ ಹಂಗ ಇತ್ತು. ಒಂದು ಅಂಕಿ. ಅದು ಯಾಕಂತ ನಾ ಎಲ್ಲೂ ಬರದಿಲ್ಲ. ನನಗ ಗೊತ್ತಿತ್ತಲ್ಲಾ, ಅದಕ್ಕ ಬರೀಲಿಲ್ಲ.”

ಇಂಪನಾ ಆ ಅಂಕಿಯನ್ನು ಹಾಗೆಯೇ ಇಟ್ಟುಕೊಂಡಿದ್ದಳು. ಋಷಿಕೇಶ ಅದು ಹಳೆಯ ಕಾಲದ ತಪ್ಪಿರಬೇಕೆಂದು ತಿಳಿದು ತಿದ್ದಿದ್ದ. ನಲವತ್ತು ಪುಟದ ವಹಿಯಲ್ಲಿ ಎರಡು ಭಾಷೆಗಳ ಜಾತಕವೇ ಇತ್ತು, ಈ ಒಂದು ಸಾಲು ಮಾತ್ರ ಇರಲಿಲ್ಲ.

“ಅಕ್ಕಾ, ಇನ್ನೊಮ್ಮೆ ಯಾಕ ಕೇಳಲಿಲ್ಲ ನೀ?” ಅಂದ ಪ್ರಲ್ಹಾದ. “ಅನುಮಾನ ಬಂದ್ರ ಮರುದಿನ ಮಾಡಬೇಕಂತ ನಿನಗ ಗೊತ್ತಿಲ್ಲೇನು? ಒಂದ ದಿನ ಸಾಕಾಗತಿತ್ತು.”

“ಗೊತ್ತದ. ಆದ್ರ ಮರುದಿನದ್ದು ಋಷಿಕೇಶಂದು. ಅದೊಂದ ಮಾಡಿದ್ರ ಈ ಹುಡುಗಿದು ತಪ್ಪಂತ ನಾನ ಹೇಳಿಧಂಗ ಆಗತಿತ್ತು. ಇಬ್ರೂ ನಮ್ಮನ್ಯಾಗ ಉಣ್ಣೂ ಹುಡುಗ್ರು.” ತಮ್ಮನ ಮುಖ ನೋಡಿ ಮತ್ತೆ ಅಂದಳು, “ನೀನೂ ಇನ್ನೂ ನಕ್ಕಿ ಆಗಿಲ್ಲ ಅಂದಿ. ನೀ ನಕ್ಕಿ ಮಾಡೂತನಕ ನಾ ಎರಡೂ ಹಿಡಕೊಂಡೆ. ಸಣ್ಣಾಂವ ಇದ್ದಾಗಿಂದ ಹಂಗ ಮಾಡೀನಲ್ಲಾ.”

ಆ ಮಾತನ್ನು ಆಕೆ ಕುಟುಕಲು ಹೇಳಲಿಲ್ಲ, ನಿತ್ಯದ ಮಾತಿನಂತೆ ಹೇಳಿದಳು.

“ಹಂಗಾರ ನೀನ ಹೇಳು ಅಕ್ಕಾ. ಯಾವದು ಇಡೂಣು?” ಎಂದು ಪ್ರಲ್ಹಾದ ಕೇಳಿದ, ಅರವತ್ತು ವರ್ಷದ ರೂಢಿಯಂತೆ.

ರಂಗಕ್ಕ ಕಣ್ಣು ಮುಚ್ಚಿದಳು. “ಇದು ನೀನ ಆರಿಸು. ನನಗ ಆಗೂದಿಲ್ಲ ಇನ್ನ.”

ಅವನು ವಹಿಯನ್ನು ತೆಗೆಯಲಿಲ್ಲ. ಕಿಟಕಿಯ ಹೊರಗೆ ಒಂದು ಕ್ಷಣ ನೋಡಿದ, ಅಷ್ಟೇ. “ಪೈಥಾನ್,” ಅಂದ. “ಇಂಪನಾ, ನಿಂದು ಸರಿ ಅದವಾ, ದಿವಸಾನೂ ನಿಂದೇ ಖರೇ ಇತ್ತು. ಆದ್ರ ನೀ ಬರದದ್ದು ನನಗ ಓದಲಿಕ್ಕೆ ಬರೂದಿಲ್ಲ. ಹೂಂ ಹೂಂ ಅಂತಿದ್ನಿ, ಖರೇ ಹೇಳಬೇಕಂದ್ರ ಅರ್ಧ ತಿಳೀತಿರಲಿಲ್ಲ. ಅಕ್ಕ ಕೇಳಿದ ದಿನ ನಾನ ತೆಗೆದು ಓದಿ ಹೇಳಬೇಕು. ನಕ್ಕಿ ಆಗಿಲ್ಲ ಅಂತ ಇನ್ನೊಮ್ಮೆ ಹೇಳೂ ಹಂಗಿಲ್ಲ.”

ಇಂಪನಾ ಲ್ಯಾಪ್‌ಟಾಪ್ ಮುಚ್ಚಿದಳು. “ಸರಿ ಅಂಕಲ್,” ಅಂದಳು. ಸರಿ ಇರಲಿಲ್ಲ, ನಮ್ಮೆಲ್ಲರಿಗೂ ಗೊತ್ತಿತ್ತು. ಐದು ತಿಂಗಳ ರವಿವಾರಗಳು ಅದರೊಳಗಿದ್ದವು. ಊಟಕ್ಕೆ ನಿಲ್ಲದೆ ಹೋದಳು. ಆಮೇಲೆ ಬಂದ ರವಿವಾರವೂ ಬರಲಿಲ್ಲ. ಪ್ರಲ್ಹಾದ ಹೆದರಿದ್ದು ಅದಕ್ಕೇ, ಅದು ಹಾಗೆಯೇ ಆಯಿತು. ಪೈಥಾನ್ ಒಳ್ಳೆಯದೋ ರಸ್ಟ್ ಒಳ್ಳೆಯದೋ ನನಗೆ ಇಂದಿಗೂ ತಿಳಿದಿಲ್ಲ. ಓದಲು ಬರುವುದೊಂದೇ ಕಾರಣಕ್ಕೆ ಆರಿಸುವುದು ಸರಿಯೋ ತಪ್ಪೋ, ಅದೂ ತಿಳಿಯದು. ಅವಳೇ ಅವನಿಗೆ ರಸ್ಟ್ ಕಲಿಸಬಹುದಿತ್ತಲ್ಲ ಎಂದು ಒಮ್ಮೆ ಅನ್ನಿಸುತ್ತದೆ, ಅರವತ್ತೊಂದಕ್ಕೆ ಎಲ್ಲಿ ಕಲಿಯುತ್ತಾನೆ ಎಂದು ಇನ್ನೊಮ್ಮೆ.

ಋಷಿಕೇಶ ತಿದ್ದಿದ್ದ ಅಂಕಿಯನ್ನು ಮತ್ತೆ ಮೊದಲಿನಂತೆ ಮಾಡಿ, ಅರ್ಧ ಗುಂಡು ಮೇಲೆ, ಅರ್ಧ ಕೆಳಗೆ ಎಂಬುದನ್ನು ಪ್ರಲ್ಹಾದ ಪ್ರೋಗ್ರಾಮಿನ ತಲೆಯ ಮೇಲೆಯೇ ಬರೆದ. ತಂದೆ ಧಾರವಾಡದ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದದ್ದನ್ನೂ ಬರೆದ. ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದ ಮರುದಿನ ಇಂಪನಾಳಿಂದ ಒಂದು ತಿದ್ದುಪಡಿ ಬಂತು. ಇಂಗ್ಲಿಷಿನಲ್ಲಿ ಅವನು ಬರೆದ ಒಂದು ವಾಕ್ಯ ಮೆಲ್ಬರ್ನಿನವರಿಗೆ ತಿಳಿಯದಂತಿತ್ತು, ಅದನ್ನು ಸರಿಮಾಡಿದ್ದಳು. ಜೊತೆಗೆ ಬೇರೆ ಮಾತೇನೂ ಇರಲಿಲ್ಲ.

ಹೊಸ ಹಾಳೆ ತೆಗೆಸಲು ಪ್ರಲ್ಹಾದ ಬಂದಾಗ ನಾನು ಲ್ಯಾಮಿನೇಶನ್ ಮಾಡಲಿಲ್ಲ. ಅವನೂ ಕೇಳಲಿಲ್ಲ. ಎಂಟೂ ಸಾಲುಗಳನ್ನು ಬೆರಳಿಟ್ಟು ಓದಿ, ಮೇಲೆ ಹೋಗಿ ಒಂದೇ ಹಾಳೆ ಅಂಟಿಸಿದ. ಶ್ರಾವಣದ ಎರಡನೆಯ ಏಕಾದಶಿ ಶನಿವಾರ ಬಂತು. ರಂಗಕ್ಕನಿಗೆ ಡಾಕ್ಟರು ಉಪವಾಸವೇ ಬೇಡ ಅಂದಿದ್ದರು, ಆಕೆ ಒಂದು ದಿನವೇನೂ ಆಗುವುದಿಲ್ಲ ಎಂದು ಅವರಿಗೇ ಸಮಾಧಾನ ಹೇಳಿ ಮಾಡಿದಳು. ರವಿವಾರ ಬೆಳಿಗ್ಗೆ ಬೇಗ ಉಂಡು ಪಾರಣೆ ಮಾಡಿ, ಮಾತ್ರೆ ನುಂಗಿ ಚೆನ್ನಾಗಿದ್ದಳು.

ಅವತ್ತು ಮಧ್ಯಾಹ್ನ ಪ್ರಲ್ಹಾದ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕುಳಿತ. ಚಹಾ ತರಿಸಿದೆ, ಮುಟ್ಟಲಿಲ್ಲ. ನೀರು ಕೊಟ್ಟೆ, ಸರಿಸಿದ. ತುಟಿ ಒಣಗಿತ್ತು. ಹುಟ್ಟಿದಾಗಿನಿಂದ ಏಕಾದಶಿಗೆ ಎರಡು ತಾಟು ಖಿಚಡಿ ತಿಂದವನು.

“ಏನೋ ಇದು? ನಿನ್ನಿ ಮುಗೀತಲ್ಲ,” ಅಂದೆ.

“ನಿನ್ನಿದು ಏಕಾದಶಿ. ಇವತ್ತಿಂದು ಹೋದ ಸಲದ್ದು, ಅಕ್ಕ ಮಾಡಿದ್ದು. ಹೆಂಗಿರತದಂತ ನೋಡಬೇಕಾಗಿತ್ತು.” ನೆಲ ನೋಡುತ್ತ ಕುಳಿತ. “ಭಾಳ ತ್ರಾಸ ಅದ ಸದಾ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ರಂಗಕ್ಕ ಒಂದು ಕೈಯಿಂದ ಕಟಾಂಜನ ಹಿಡಿದು, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಇಳಿಯುತ್ತಿದ್ದಳು. ಮುಂಜಾನೆ ಬಡಿಸಿದ ತಾಟು ಮುಚ್ಚಿಟ್ಟದ್ದು ಮುಚ್ಚಿಟ್ಟಂತೆಯೇ ಇದ್ದದ್ದನ್ನು ನೋಡಿ ಬಂದಿದ್ದಳು. ಅಂಗಡಿಯೊಳಗೆ ಬಂದು ಅವನೆದುರು ನಿಂತಳು.

“ಆರಿಸೀದಿ ಇಲ್ಲೋ?” ಎಂದು ಕೇಳಿದಳು.

“ಹೂಂ.”

“ಆರಿಸಿದ ಮ್ಯಾಲ ಒಂದ ದಿನ. ಕುಡಿ.”

ಅವನು ಎರಡೂ ಕೈಯಿಂದ ತಂಬಿಗೆ ಹಿಡಿದುಕೊಂಡು ಕುಡಿದ. ಅದು ಖಾಲಿಯಾಗುವ ತನಕ ಆಕೆ ಅಲ್ಲಿಯೇ ನಿಂತಿದ್ದಳು.